ಸರೋಜಮ್ಮನವರ ಪಾಸ್‌ವರ್ಡ್

ದಾರಿಯಲ್ಲಿ ಹೋಗುವಾಗ ಅಂಗಡಿಗಳ ಬೋರ್ಡು ಓದುತ್ತ ಹೋಗುವವರಿದ್ದಾರೆ. ನನ್ನ ಚಟ ಬೇರೆ. ಕಾಶಿಯ ಯಾವ ಗಲ್ಲಿಗೆ ಹೋದರೂ ಫೋನ್ ತೆಗೆದು, ಸುತ್ತಮುತ್ತಲಿನ ಮನೆಗಳ ವೈಫೈ ಹೆಸರುಗಳನ್ನು ಓದುತ್ತೇನೆ. ಬಾಗಿಲು ತಟ್ಟದೆಯೇ ಒಳಗಿರುವವರ ಸ್ವಭಾವ ತಿಳಿಯುತ್ತದೆ. ಒಬ್ಬರದು ‘ಭೋಲೇನಾಥ್ ದೂಸರಾ ತಲ್ಲಾ’, ಎಂದರೆ ಎರಡನೇ ಮಹಡಿಯ ಭೋಲೇನಾಥ. ಇನ್ನೊಬ್ಬರದು ‘ಮುಫ್ತ್ ಕಾ ನಹೀಂ ಹೈ’. ಪುಕ್ಕಟೆಯದಲ್ಲ ಎಂದು ಹೆಸರಿನಲ್ಲೇ ಬೈಯುವ ಈ ಮನುಷ್ಯನನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ ನನಗೆ ಬಹಳ ದಿನದಿಂದ ಇದೆ. ಹರಿಶ್ಚಂದ್ರ ಘಾಟಿನ ಹತ್ತಿರ, ಚಿತೆಯ ಹೊಗೆ ಕಣ್ಣಿಗೆ ತಾಗುವಷ್ಟು ಸಮೀಪದಲ್ಲಿ, ಹೆಸರೇ ಇಲ್ಲದ ನೆಟ್‌ವರ್ಕೊಂದು ಕಾಣಿಸುತ್ತದೆ. ಬರೀ ಬೀಗದ ಗುರುತು. ಅದನ್ನು ದಾಟುವಾಗ ಮಾತ್ರ ಫೋನನ್ನು ಚೀಲಕ್ಕೆ ಹಾಕಿಕೊಂಡುಬಿಡುತ್ತೇನೆ.

ನಾನು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಅದರಲ್ಲೂ ಪಾಚಿ ನನ್ನ ವಿಷಯ. ವೈಫೈಗೂ ನನಗೂ ಯಾವ ಸಂಬಂಧವೂ ಇರಲಿಲ್ಲ. ಆದರೆ ಕಾಶಿಯಲ್ಲಿರುವ ನಾಲ್ಕು ಜನ ಕನ್ನಡಿಗರ ಲೆಕ್ಕದಲ್ಲಿ ‘ಯುನಿವರ್ಸಿಟಿಯವರು’ ಎಂದರೆ ಗೀಸರ್ ರಿಪೇರಿಯಿಂದ ಹಿಡಿದು ಗ್ರಹಣದ ಹೊತ್ತು ಹೇಳುವವರೆಗೆ ಎಲ್ಲವನ್ನೂ ಬಲ್ಲವರು. ಹಾಗಾಗಿ ಕೇದಾರ ಘಾಟಿನ ಹಿಂದಿರುವ ನಮ್ಮ ಕಡೆಯ ಸಣ್ಣ ಶೈವ ಮಠದಲ್ಲಿ ಪ್ರಿಂಟರಿಗೆ ದೆವ್ವ ಹಿಡಿದಾಗ, ಮಠದ ಮ್ಯಾನೇಜರ್ ರಾಚಯ್ಯನವರು ಮೊದಲು ಫೋನ್ ಮಾಡಿದ್ದು ನನಗೆ.

“ಮೇಡಂ, ಸ್ವಲ್ಪ ಬಂದು ಹೋಗ್ರಿ. ನಮ್ಮ ಪ್ರಿಂಟರ್ ತಾನಾಗೇ ಛಾಪಿಸ್ಲಿಕ್ಕ ಹತ್ತೇದ್ರಿ.”

“ಏನು ಛಾಪಿಸ್ತಿದೆ ರಾಚಯ್ಯನವರೇ?”

“ಜಾತಕರಿ. ಯಾರದೋ ಹೆಣ್ಮಗಳದು. ಆಯುಷ್ಯ ಕಡಿಮಿ ಅಂತ ಬರದದರಿ.”

ರಾಚಯ್ಯನವರು ವಿಜಯಪುರದ ಕಡೆಯವರು. ಹೆಣಗಳ ಮೆರವಣಿಗೆ ದಿನವಿಡೀ ಹಾಯ್ದುಹೋಗುವ ಬೀದಿಯಲ್ಲಿದ್ದೂ ಯಾವುದಕ್ಕೂ ಹೆದರದ ಆಸಾಮಿ. ಅಂಥವರು ಮಟಮಟ ಮಧ್ಯಾಹ್ನ ಆ ಹಾಳೆಯನ್ನು ಚಿಮಟದಲ್ಲಿ ಹಿಡಿದು ನನಗೆ ತೋರಿಸಿದರು. ಮೂಲ ಬೇಗ ಸಿಕ್ಕಿತು. ಮಠದ ವೈಫೈ ಪಾಸ್‌ವರ್ಡನ್ನು ಊಟದ ಮನೆಯ ಗೋಡೆಯ ಮೇಲೆ, ನೀರಿನ ಹಂಡೆಯ ನೆತ್ತಿಗೆ, ಬಣ್ಣದಲ್ಲಿ ಬರೆಸಿಟ್ಟಿದ್ದರು. ಊಟಕ್ಕೆ ಬಂದವರೆಲ್ಲ ಅದನ್ನು ಓದಿ ಊರಿಗೆಲ್ಲ ಹಂಚಿದ್ದರು. ಗಲ್ಲಿಯ ಜ್ಯೋತಿಷಿಯೊಬ್ಬರು ಮಠದ ಇಂಟರ್‌ನೆಟ್ಟನ್ನೇ ನಂಬಿ ವ್ಯವಹಾರ ನಡೆಸುತ್ತಿದ್ದವರು, ತಮ್ಮ ಪ್ರಿಂಟರ್ ಎಂದುಕೊಂಡು ಮಠದ ಪ್ರಿಂಟರಿಗೆ ಜಾತಕ ಕಳಿಸಿದ್ದರು.

ಇಡೀ ಮಠಕ್ಕೆ ಒಂದೇ ಕೀಲಿ ಇದ್ದರೆ ಹೀಗೇ. ಒಳಗೆ ಬಂದವರು ಯಾರು ಎಂದು ಕೇಳುವವರಿಲ್ಲ.

ನನ್ನ ಅಪ್ಪನಾಗಿದ್ದರೆ ಇದನ್ನು ಒಂದು ದಿನವೂ ಸಹಿಸುತ್ತಿರಲಿಲ್ಲ. ಕುಮಟೆಯ ನಮ್ಮ ಬಾಡಿಗೆ ಮನೆಯಲ್ಲಿ ಸಂಜೆಯಾದರೆ ಅಪ್ಪ ಅಗುಳಿ ಹಾಕಿ, ಬಾಗಿಲ ಹಿಂದೆಯೇ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಯಾರು ತಟ್ಟಿದರೂ “ಯಾರು?” ಎಂಬ ಪ್ರಶ್ನೆ. “ನಾನು” ಎಂಬ ಉತ್ತರ ಅವರಿಗೆ ಸಾಲದು. “ನಾನು ಅಂದ್ರೆ ಯಾರು?” ಪಕ್ಕದ ಮನೆಯ ಗಜಾನನಣ್ಣ ಒಂದು ದಿನ ಸಕ್ಕರೆ ಕೇಳಲು ಬಂದವನು ತಾಳ್ಮೆಗೆಟ್ಟು, ತನ್ನ ಹೆಸರು, ಅಪ್ಪನ ಹೆಸರು, ಗೋತ್ರ ಎಲ್ಲ ಕೂಗಿ ಹೇಳಿ, ಸಕ್ಕರೆ ತೆಗೆದುಕೊಳ್ಳದೆ ಹೋಗಿದ್ದ. ನಾವು ಮಕ್ಕಳು ಹಾಸಿಗೆಯಲ್ಲಿ ಮುಖ ಮುಚ್ಚಿಕೊಂಡು ನಕ್ಕಿದ್ದೆವು.

ಮಠಕ್ಕೂ ಅಂಥದ್ದೇ ವ್ಯವಸ್ಥೆ ಬೇಕಾಗಿತ್ತು. ಒಬ್ಬೊಬ್ಬರಿಗೆ ಒಂದೊಂದು ಹೆಸರು, ಅವರದೇ ಪಾಸ್‌ವರ್ಡು. ಕಚೇರಿಯಲ್ಲಿ ಒಂದು ಯಂತ್ರ ಕೂತು, ಬಂದ ಪ್ರತಿ ಫೋನನ್ನೂ ನೀನು ಯಾರು ಎಂದು ಕೇಳಿ, ಸರಿಯಾದ ಉತ್ತರ ಬಂದರೆ ಮಾತ್ರ ಒಳಗೆ ಬಿಡಬೇಕು. ಕೇಳಲು ಸುಲಭ. ಆದರೆ ಮಠದ ಎರಡು ಕಟ್ಟಡಗಳ ನಡುವೆ ಗಲ್ಲಿಯಿದೆ. ಈಚೆ ಕಚೇರಿ, ಪೂಜೆ, ಊಟ. ಆಚೆ, ನದಿಯ ಕಡೆಗೆ, ಕಾಶೀವಾಸಕ್ಕೆಂದು ಬಂದು ಉಳಿದ ಮುದುಕರ ಕೋಣೆಗಳು. ಮಧ್ಯೆ ಎಳೆದಿದ್ದ ಕೇಬಲ್ಲನ್ನು ಮಂಗಗಳು ಉಯ್ಯಾಲೆಯಾಡಿ ಕಿತ್ತಿದ್ದವು. ತಂತಿಯಿಲ್ಲದೆ ಎರಡು ಮಾಳಿಗೆಗಳನ್ನು ಕೂಡಿಸಲು ಜೋಡಿ ಡಬ್ಬಿ ಬೇಕು. ಬ್ರಿಜ್ ಎನ್ನುತ್ತಾರೆ ಅದಕ್ಕೆ. ಕಚೇರಿಯ ಹಳೇ ಕಂಪ್ಯೂಟರಿಗೆ ಸಿಕ್ಕಿಸಲು ಒಂದು ಅಡಾಪ್ಟರೂ ಬೇಕು.

ಕಂಟೋನ್ಮೆಂಟಿನ ಕಡೆಯ ಅಂಗಡಿಗೆ ಹೋದೆ. ಅಂಗಡಿಯವರು ಬಾಯಲ್ಲಿ ಪಾನ್ ಇಟ್ಟುಕೊಂಡೇ ಒಂದು ಡಬ್ಬಿ ಮುಂದೆ ತಳ್ಳಿದರು. “ಲೇ ಜಾಯಿಯೇ ಮೇಡಂ ಜೀ, ಸಬ್ ಚಲೇಗಾ.”

ಎಲ್ಲ ನಡೆಯುತ್ತದೆ ಎನ್ನುವವರ ಮಾತು ಕೇಳಿಯೇ ನಾನು ಬದುಕಿನಲ್ಲಿ ಮೂರು ಮಿಕ್ಸರ್ ಕೊಂಡವಳು. ಈ ಸಲ ಕನ್ನಡಕ ಹಾಕಿಕೊಂಡು ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿದೆ. ಅಗ್ಗದ ಬ್ರಿಜ್‌ಗಳಿಗೆಲ್ಲ ಒಂದೇ ಕೀಲಿಯ ಹಳೇ ಪದ್ಧತಿ ಮಾತ್ರ ಗೊತ್ತು. ತಾನು ಯಾರೆಂದು ಹೆಸರು ಹೇಳಿ, ಪ್ರಮಾಣಪತ್ರ ತೋರಿಸಿ ಒಳಗೆ ಹೋಗುವ ಶಿಸ್ತು ಅವಕ್ಕಿಲ್ಲ. ಬಾಗಿಲಿಗೆ ಎಷ್ಟೇ ಗಟ್ಟಿ ಬೀಗ ಜಡಿದರೂ ನಡುವಿನ ಈ ಡಬ್ಬಿ ಕಿಟಕಿ ತೆಗೆದಿಟ್ಟಂತೆ. ಅಡಾಪ್ಟರುಗಳ ಕಥೆಯೂ ಅದೇ. ವೇಗವನ್ನು ದಪ್ಪ ಅಕ್ಷರದಲ್ಲಿ ಹಾಕಿ, ಭದ್ರತೆಯ ಮಾತನ್ನು ಮೂಲೆಗೆ ನೂಕಿರುತ್ತಾರೆ. ಒಂದನ್ನು ಒಯ್ದು, ಆಗದೆ ವಾಪಸು ತಂದೆ. ಕೊನೆಗೆ ನನಗೆ ಬೇಕಾದ ಜೋಡಿಯನ್ನು ಅವರೇ ದೆಹಲಿಯಿಂದ ತರಿಸಿಕೊಟ್ಟರು. ಕೊಡುವಾಗ, “ಆಪ್ ಕೌನ್ ಸಾ ಬ್ಯಾಂಕ್ ಖೋಲ್ ರಹೀ ಹೈಂ?” ಎಂದು ಕೇಳಿದರು. ತೆರೆಯುತ್ತಿರುವುದು ಬ್ಯಾಂಕಲ್ಲ, ಸಾಯಲು ಕಾಯುತ್ತಿರುವ ಹಿರಿಯರ ಮನೆ ಎಂದೆ. ಅವರು ಪಾನ್ ಉಗುಳಿ ಬಂದು, ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ಡಬ್ಬಿಗಳು ಮಾಳಿಗೆಗಳ ಮೇಲೆ ಒಂದನ್ನೊಂದು ದಿಟ್ಟಿಸುತ್ತ ನಿಂತ ಮೇಲೆ ಹೆಸರು ಹಚ್ಚುವ ಕೆಲಸ ಬಂತು. ಒಬ್ಬೊಬ್ಬರೇ ಫೋನ್ ಹಿಡಿದು ಕಚೇರಿಗೆ ಬಂದರು. ಎಲ್ಲರ ಕೊನೆಗೆ ಬಂದವರು ತುಮಕೂರಿನ ಕಡೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಅವರ ಹೆಸರು ಚಂದ್ರಶೇಖರಯ್ಯ, ಆದರೆ ಎಲ್ಲರಿಗೂ ಅವರು ಮೇಷ್ಟ್ರೇ. ಹಿಂದಿನ ಚಳಿಗಾಲದಲ್ಲಿ ಅವರ ಹೆಂಡತಿ ಸರೋಜಮ್ಮ ನದಿಯ ಕಡೆಯ ಕೋಣೆಯಲ್ಲಿ ತೀರಿಕೊಂಡಿದ್ದರು. ಹರಿಶ್ಚಂದ್ರ ಘಾಟಿನಲ್ಲೇ ಸಂಸ್ಕಾರವಾಗಿತ್ತು. ಮೇಷ್ಟ್ರು ಊರಿಗೆ ಹೋಗದೆ ಅದೇ ಕೋಣೆಯಲ್ಲಿ ಉಳಿದಿದ್ದರು.

ಅವರ ಹೆಸರು ಹಚ್ಚಿ ಮುಗಿಸಿದೆ. ಅವರು ಏಳಲಿಲ್ಲ.

“ಮೇಡಂ, ಇನ್ನೊಂದು ಹೆಸರು ಹಾಕೋಕೆ ಆಗುತ್ತಾ?”

“ಯಾರದು ಮೇಷ್ಟ್ರೇ?”

“ಸರೋಜಂದು.”

ರಾಚಯ್ಯನವರು ನನ್ನ ಮುಖ ನೋಡಿದರು. ನಾನು ಕಂಪ್ಯೂಟರ್ ನೋಡಿದೆ.

“ಅವಳು ಬಳಸ್ತಾಳೆ ಅಂತಲ್ಲ,” ಮೇಷ್ಟ್ರು ತಾವೇ ಸಮಾಧಾನ ಹೇಳಿದರು. “ಎಲ್ಲರ ಹೆಸರೂ ಇದ್ದು ಅವಳದ್ದಿಲ್ಲ ಅಂದ್ರೆ ಚೆನ್ನಾಗಿರಲ್ಲ ನೋಡಿ. ಪಾಸ್‌ವರ್ಡ್ ನೀವೇ ಏನಾದ್ರೂ ಹಾಕಿ. ನನಗೆ ಹೇಳೋದು ಬೇಡ. ಅವಳ ಫೋನು ಟ್ರಂಕಿನಲ್ಲಿದೆ, ಅದನ್ನ ನಾನು ಮುಟ್ಟಲ್ಲ.”

ನಿಯಮದ ಪ್ರಕಾರ ಸತ್ತವರಿಗೆ ಹೆಸರು ಕೊಡುವಂತಿಲ್ಲ. ಆದರೆ ಆ ನಿಯಮ ಮಾಡಿದವಳು ನಾನೇ ಆಗಿದ್ದರಿಂದ ಮುರಿಯುವುದೂ ಸುಲಭವಿತ್ತು. ಸರೋಜಮ್ಮ ಎಂದು ಬರೆದೆ. ಪಾಸ್‌ವರ್ಡ್ ಎಂದಾಗ ಬೆರಳು ನಿಂತಿತು.

ಸರೋಜಮ್ಮನಿಗೂ ನನಗೂ ಮಾತ್ರ ಗೊತ್ತಿದ್ದ ಒಂದು ಹೆಸರಿತ್ತು. ಕಾಶಿಗೆ ಬಂದ ಹೊಸತರಲ್ಲಿ ನನ್ನ ಹೊಟ್ಟೆಯಲ್ಲಿದ್ದ ಮಗು ಉಳಿಯಲಿಲ್ಲ. ಹೆಣ್ಣೆಂದು ಆಮೇಲೆ ತಿಳಿಯಿತು. ನಾನು ಅದಕ್ಕೆ ಮನಸ್ಸಿನಲ್ಲೇ ಗೌರಿ ಎಂದು ಹೆಸರಿಟ್ಟುಕೊಂಡಿದ್ದೆ. ಗಂಡನಿಗೂ ಹೇಳಿರಲಿಲ್ಲ. ಹೇಳಿದರೆ ಅದು ನಿಜವಾಗಿ ಇತ್ತೆಂದೂ, ಈಗ ನಿಜವಾಗಿ ಇಲ್ಲವೆಂದೂ ಆಗಿಬಿಡುತ್ತದೆ ಎನಿಸುತ್ತಿತ್ತು. ಎಷ್ಟೋ ವರ್ಷಗಳ ಮೇಲೆ, ಮಠದ ನದಿಯ ಕಡೆಯ ಮಾಳಿಗೆಯಲ್ಲಿ ಹಪ್ಪಳ ಒಣಹಾಕುತ್ತಿದ್ದ ಸರೋಜಮ್ಮನಿಗೆ, ಯಾಕೋ, ಹೇಳಿಬಿಟ್ಟಿದ್ದೆ. ಹಿಟ್ಟಿನ ಕೈಯಲ್ಲೇ ನನ್ನ ತಲೆ ಸವರಿದ್ದರು.

ಆ ಹೆಸರನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹಾಕಿದೆ. ಚಿಕ್ಕದಾಯಿತು ಎಂದು ಯಂತ್ರ ಒಪ್ಪಲಿಲ್ಲ. ಅದೇ ಹೆಸರನ್ನು ಬೆನ್ನಿಗೇ ಇನ್ನೊಮ್ಮೆ ಬರೆದೆ. ಒಪ್ಪಿತು. ಎಲ್ಲಿಯೂ ಬರೆದಿಡಲಿಲ್ಲ. ಮರೆಯುವ ಹೆಸರಲ್ಲವಲ್ಲ.

ಮಳೆಗಾಲ ಹೋಯಿತು, ಗಂಗೆಯ ಕೆಸರು ಮೆಟ್ಟಿಲುಗಳಿಂದ ಇಳಿಯಿತು, ದೀಪಾವಳಿ ಮುಗಿಯಿತು. ಕಚೇರಿಯ ತೆರೆಯ ಮೇಲೆ ಒಳಗಿದ್ದವರ ಹೆಸರು ಹಸಿರು, ಇಲ್ಲದವರದು ಬೂದು. ಸರೋಜಮ್ಮನವರ ಹೆಸರು ಬೂದು ಬಣ್ಣದಲ್ಲೇ ಇತ್ತು.

ಜನವರಿಯ ಕೋಹರಾ ಎಂದರೆ ಇಲ್ಲಿನವರಿಗೆ ಬರೀ ಮಂಜಲ್ಲ. ಮಧ್ಯಾಹ್ನವಾದರೂ ಬೆಳಗಾಗಿರುವುದಿಲ್ಲ. ಎದುರಿಗೆ ಬಂದವರು ಎದೆಗೆ ತಾಗಿದ ಮೇಲೆಯೇ ಗೊತ್ತಾಗುವುದು. ಅಂಥದೊಂದು ದಿನ ಪ್ರಯೋಗಾಲಯದಲ್ಲಿ ಪಾಚಿ ನೋಡುತ್ತ ಕೂತಿದ್ದಾಗ ರಾಚಯ್ಯನವರ ಫೋನ್ ಬಂತು.

“ಮೇಡಂ, ಮೇಷ್ಟ್ರು ಊಟಕ್ಕ ಬಂದಿಲ್ರಿ. ಕೋಣ್ಯಾಗೂ ಇಲ್ಲ. ಘಾಟಿನ್ಯಾಗೆಲ್ಲ ಹುಡುಕಿಸಿದೆ.”

ಈ ಮಂಜಿನಲ್ಲಿ ಮೆಟ್ಟಿಲು ತಪ್ಪಿದರೆ ನದಿ.

“ಇನ್ನೊಂದು ಅದರಿ,” ಎಂದರು. “ಸರೋಜಮ್ಮನೋರ ಹೆಸರು ಹಸಿರು ಆಗೇದರಿ.”

ಆಟೋದವನು ಸೋನಾರ್‌ಪುರಕ್ಕಿಂತ ಮುಂದೆ ಬರಲೊಲ್ಲೆ ಎಂದ. ಅಲ್ಲಿಂದ ಗಲ್ಲಿಯಲ್ಲಿ ಗೋಡೆ ಸವರುತ್ತ ನಡೆದೆ. ಹೆಣ ಹೊತ್ತವರು ರಾಮನಾಮ ಹೇಳುತ್ತ ಪಕ್ಕದಲ್ಲೇ ಹೋದರು. ದನಿ ಮಾತ್ರ ಕೇಳಿತು, ಜನ ಕಾಣಲಿಲ್ಲ. ಕಚೇರಿಯಲ್ಲಿ ರಾಚಯ್ಯನವರು ತೆರೆಯಿಂದ ದೂರ, ಬಾಗಿಲಿಗೆ ಆತುಕೊಂಡು ನಿಂತಿದ್ದರು. ನಾನೇ ಹೋಗಿ ನೋಡಿದೆ. ಹೆಸರು ಹಸಿರು. ಒಂದೇ ಪ್ರಯತ್ನಕ್ಕೆ ಒಳಗೆ ಬಂದಿದೆ, ಒಂದಕ್ಷರವೂ ತಪ್ಪಿಲ್ಲ. ನನ್ನ ಪಾಸ್‌ವರ್ಡನ್ನು ನಾನೇ ಮೂರು ಸಲ ತಪ್ಪು ಒತ್ತುವವಳು. ಎಲ್ಲಿಂದ ಬಂದಿದೆ ಎಂದು ನೋಡಿದರೆ, ನದಿಯ ಕಡೆಯ ಮಾಳಿಗೆಯ ಡಬ್ಬಿಯಿಂದ.

“ಮಾಳಿಗೀ ಬಾಗಲಾ ಚಿಲಕಾ ಹಾಕೇದಲ್ರಿ, ಮಂಗ್ಯಾ ಬರ್ತಾವಂತ,” ಎಂದರು ರಾಚಯ್ಯನವರು. ಅದಕ್ಕೇ ಅಲ್ಲಿ ಯಾರೂ ಹುಡುಕಿರಲಿಲ್ಲ.

ಇಬ್ಬರೂ ಹತ್ತಿದೆವು. ಚಿಲಕ ತೆಗೆದಿತ್ತು. ಮಾಳಿಗೆಯ ತುಂಬ ಹೊಗೆಯೂ ಮಂಜೂ ಬೆರೆತು, ಡಬ್ಬಿಯ ಸಣ್ಣ ದೀಪವೊಂದೇ ಮಿಣುಕುತ್ತಿತ್ತು. ಅದರ ಕೆಳಗಿನ ಸಿಮೆಂಟಿನ ಕಟ್ಟೆಯ ಮೇಲೆ, ಸರೋಜಮ್ಮನ ನೀಲಿ ಶಾಲು ತಲೆತುಂಬ ಹೊದ್ದು ಯಾರೋ ಕೂತಿದ್ದರು. ತೊಡೆಯ ಮೇಲೆ ಸರೋಜಮ್ಮನದೇ ಹಳೇ ಫೋನ್ ಬೆಳಗುತ್ತಿತ್ತು.

“ಮೇಷ್ಟ್ರೇ,” ಎಂದೆ.

ಶಾಲು ತಿರುಗಿತು. ಮೇಷ್ಟ್ರ ಮುಖವೇ. ಬಿಳಿ ಮೀಸೆ, ನಡುಗುವ ಗಲ್ಲ.

“ಬಾರೇ,” ಎಂದರು. “ಬಾ, ಕೂತ್ಕೋ. ಎಷ್ಟು ದಿನ ಆಯ್ತೇ ನೀನು ಬಂದು. ಮೇಷ್ಟ್ರು ಊಟ ಮಾಡಿದ್ರಾ?”

ಮೇಷ್ಟ್ರು ನನ್ನನ್ನು ಯಾವತ್ತೂ ಮೇಡಂ ಎಂದೇ ಕರೆದವರು, ‘ನೀವು’ ಬಿಟ್ಟು ಮಾತಾಡಿದವರಲ್ಲ. ಬಾರೇ ಎಂದು ಈ ಊರಿನಲ್ಲಿ ನನ್ನನ್ನು ಕರೆಯುತ್ತಿದ್ದವರು ಒಬ್ಬರೇ. ದನಿ ಮೇಷ್ಟ್ರದೇ. ಆದರೆ ಮಾತಿನ ಕೊನೆಯನ್ನು ಎಳೆಯುವ ರೀತಿ, ಕೇಳುತ್ತ ಕೇಳುತ್ತ ಮಂಡಿ ನೀವಿಕೊಳ್ಳುವ ರೀತಿ ಅವರದಾಗಿರಲಿಲ್ಲ. ನನ್ನ ಹಿಂದೆ ರಾಚಯ್ಯನವರು ಕೊರಳಿನ ಲಿಂಗವನ್ನು ಮುಟ್ಟಿಕೊಂಡದ್ದು ಗೊತ್ತಾಯಿತು.

“ಈಗ ಮಾಡ್ತಾರೆ. ನೀವು ಕೆಳಗೆ ಬನ್ನಿ,” ಎಂದೆ.

“ಅವರಿಗೆ ಬಿಸಿ ಅನ್ನ ಹಾಕ್ಸು,” ಎಂದು ನನ್ನ ತೋಳು ಹಿಡಿದು ಎದ್ದರು. ಕೆಳಗೆ ಬಂದು ಊಟಕ್ಕೆ ಕೂತಾಗ ಮತ್ತೆ ಮೇಷ್ಟ್ರೇ ಆಗಿದ್ದರು. “ಮೇಡಂ, ನೀವು ಯಾವಾಗ ಬಂದ್ರಿ?” ಎಂದು ಕೇಳಿದರು.

ನಮ್ಮವರು ಇಲ್ಲಿನ ಆಸ್ಪತ್ರೆಯಲ್ಲಿ ವೈದ್ಯರು. ಮಾರನೆಯ ದಿನವೇ ಮೇಷ್ಟ್ರನ್ನು ಪರೀಕ್ಷೆ ಮಾಡಿದರು. ಮನೆಗೆ ಬಂದು, ಮೆದುಳು ಸವೆಯುವ ಕಾಯಿಲೆ, ಇಂಥದ್ದರಲ್ಲಿ ಮನುಷ್ಯ ತಾನು ಯಾರೆಂಬುದನ್ನೇ ಮರೆಯುವುದುಂಟು ಎಂದು ವಿವರಿಸಿದರು.

“ಪಾಸ್‌ವರ್ಡ್ ಹೇಗೆ ಗೊತ್ತಾಯ್ತು?” ಎಂದೆ.

“ನೀನು ಆ ಅಮ್ಮನ ಹತ್ರ ಏನಾದ್ರೂ ಹೇಳಿದ್ದಿರಬೇಕು ಮಾರಾಯ್ತಿ, ಆ ಅಮ್ಮ ಗಂಡನ ಹತ್ರ ಹೇಳಿರ್ತದೆ. ಏನಿತ್ತು ಪಾಸ್‌ವರ್ಡ್?”

ಹೇಳಿದೆ. ಯಾಕೆ ಆ ಹೆಸರು ಎಂಬುದನ್ನೂ ಹೇಳಿದೆ. ಅವರು ಸುಲಿಯುತ್ತಿದ್ದ ಕಿತ್ತಳೆಯನ್ನು ತಟ್ಟೆಯಲ್ಲಿಟ್ಟರು. “ನಾನೂ ಒಂದು ಹೆಸರು ಇಟ್ಟಿದ್ದೆ,” ಎಂದರು. ಯಾವುದೆಂದು ನಾನು ಕೇಳಲಿಲ್ಲ. ಅವರು ಹೇಳಲಿಲ್ಲ. ಕಿತ್ತಳೆಯನ್ನು ಆಮೇಲೆ ಇಬ್ಬರೂ ತಿಂದೆವು.

ಗಂಡ ಹೆಂಡತಿ ಎಂದ ಮೇಲೆ ಮಾತು ಆಚೆ ಈಚೆ ಹೋಗುವುದು ಸಹಜ. ಆ ವಿವರಣೆಯನ್ನು ನಾನು ಒಪ್ಪಿದೆ. ಹಗಲು ಕ್ಲಾಸಿನಲ್ಲಿ ನಿಂತು ಪಾಚಿಯ ಬಗ್ಗೆ ಮಾತಾಡುವಾಗಂತೂ ಪೂರ್ತಿ ಒಪ್ಪಿರುತ್ತಿದ್ದೆ. ಒಂದೇ ಒಂದು ಕಡೆ ಮನಸ್ಸು ಮುಗ್ಗರಿಸುತ್ತಿತ್ತು. ಸರೋಜಮ್ಮನಿಗೆ ನಾನು ಹೆಸರು ಹೇಳಿದ್ದೆ, ನಿಜ. ಅದನ್ನು ಎರಡು ಸಲ ಬರೆದದ್ದು ಅವರು ಸತ್ತ ಮೇಲೆ. ಅದನ್ನು ಯಾರು ಯಾರಿಗೆ ಹೇಳಿದರು?

ಮಠದವರು ಮಾತ್ರ ಇದಕ್ಕೆ ಬೇಗ ಹೊಂದಿಕೊಂಡರು. ಹೆದರಿಕೆಯೂ ಬಳಕೆಯಾದರೆ ಹಾಲಿನವನು ಬಂದುಹೋದಷ್ಟು ಸಾಮಾನ್ಯವಾಗುತ್ತದೆ. ತೆರೆಯ ಮೇಲೆ ಸರೋಜಮ್ಮ ಹಸಿರಾದ ದಿನ ರಾಚಯ್ಯನವರು ಅಡುಗೆಯವರಿಗೆ, “ಇವತ್ತ ಅಮ್ಮಾರು ಬಂದಾರ, ಖಾರ ಕಡಿಮಿ ಹಾಕ್ರಿ,” ಎಂದು ಕೂಗಿ ಹೇಳುತ್ತಿದ್ದರು. ಮೇಷ್ಟ್ರಿಗೆ ಖಾರ ಬೇಕು, ಸರೋಜಮ್ಮನಿಗೆ ಆಗುತ್ತಿರಲಿಲ್ಲ. ಆ ದಿನಗಳಲ್ಲಿ ಮೇಷ್ಟ್ರು ಖಾರದ ಸಾರು ಬಾಯಿಗಿಟ್ಟರೆ ನಿಜವಾಗಿಯೂ ಕೆಮ್ಮುತ್ತಿದ್ದರಂತೆ. ಮಠದ ಸ್ವಾಮಿಗಳು ಕಟ್ಟೆಯ ಮೇಲೆ ಹಾಸಲು ಒಂದು ಕಂಬಳಿ ಕೊಟ್ಟು ಕಳಿಸಿದರು.

ಬೇಸಗೆಯ ಮೊದಲಲ್ಲಿ ಮೇಷ್ಟ್ರು ತೀರಿಕೊಂಡರು. ನಿದ್ದೆಯಲ್ಲೇ, ಶಾಂತವಾಗಿ. ಹರಿಶ್ಚಂದ್ರ ಘಾಟಿಗೆ ನಾವೇ ನಾಲ್ಕು ಜನ ಒಯ್ದೆವು. ಅವರ ತಮ್ಮನ ಮಗ ಬಂದು ಬೆಂಕಿ ಕೊಟ್ಟು, ಟ್ರಂಕನ್ನೂ ಎರಡು ಫೋನುಗಳನ್ನೂ ತುಮಕೂರಿಗೆ ತೆಗೆದುಕೊಂಡು ಹೋದ. ಮೇಷ್ಟ್ರ ಹೆಸರನ್ನು ರಾಚಯ್ಯನವರೇ ಅಳಿಸಿದರು. ಸರೋಜಮ್ಮನ ಹೆಸರಿನ ಹತ್ತಿರ ಬಂದಾಗ ಕೈ ತಡೆದು, “ಇದು ಇರ್ಲಿ ಏನ್ರಿ?” ಎಂದರು. ಇರಲಿ ಎಂದೆ. ಅದೀಗ ಬೂದು ಬಣ್ಣದಲ್ಲೇ ಇದೆ.

ಅದಕ್ಕೂ ಮೊದಲಿನದೊಂದು ಹೇಳಬೇಕು. ಮಾಘದ ಕೊನೆಯಲ್ಲಿ, ಇನ್ನೂ ಮೇಷ್ಟ್ರು ಇದ್ದಾಗ, ಕೋಹರಾ ತಾನು ಹೋಗುವ ಮುನ್ನ ಇನ್ನೊಮ್ಮೆ ಎಂಬಂತೆ ಕವಿದಿತ್ತು. ರಾಚಯ್ಯನವರು ಹೇಳಿ ಕಳಿಸಿದರು. ಅಮ್ಮಾರು ನನ್ನನ್ನು ಕೇಳುತ್ತಿದ್ದಾರೆ ಎಂದು.

ಬೆಳಗಿನ ಹತ್ತು ಗಂಟೆಗೆ ಹೋದೆ. ನೀಲಿ ಶಾಲು, ಅದೇ ಕಟ್ಟೆ. ಪಕ್ಕದಲ್ಲಿ ಕೂತೆ. ಕೆಳಗೆ ನದಿ ಇದೆ ಎಂಬುದು ದೋಣಿಯ ಹುಟ್ಟಿನ ಸದ್ದಿನಿಂದಷ್ಟೇ ತಿಳಿಯುತ್ತಿತ್ತು. ಎಷ್ಟೋ ದಿನದಿಂದ ನಾಲಿಗೆಯ ತುದಿಯಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ.

“ಆ ಹೆಸರು ನಿಮಗೆ ಹೇಳಿದ್ದು ಯಾರು?” ನೀವು ಎಂದೇ ಕೇಳಿದೆ. ಅದು ಇಬ್ಬರಿಗೂ ಸಲ್ಲುತ್ತಿತ್ತು.

“ನೀನೇ ಹೇಳಿದ್ಯಲ್ಲೇ. ಇಲ್ಲೇ. ಅಳು ಕೇಳ್ಬಾರ್ದು ಅಂತ ಸೆರಗು ಬಾಯಿಗೆ ತುರುಕ್ಕೊಂಡಿದ್ದೆ.”

ಹೌದು, ತುರುಕಿಕೊಂಡಿದ್ದೆ.

“ಎರಡು ಸಲ ಬರೀಬೇಕು ಅಂತ?”

“ಅಯ್ಯೋ, ಮಗೂನ ಕರೆಯೋದೇ ಹಾಗಲ್ವೇನೇ? ಒಂದ್ಸಲ ಕರೆದ್ರೆ ಯಾವ ಮಗು ತಿರುಗಿ ನೋಡುತ್ತೆ?” ಮಂಡಿ ನೀವಿಕೊಂಡರು. “ನೀನು ಕರೆದಿದ್ದೀಯಾ ಯಾವತ್ತಾದ್ರೂ?”

“ಇಲ್ಲ.”

“ಬಾಯಿ ಬಿಟ್ಟು ಒಂದ್ಸಲಾನೂ?”

“ಇಲ್ಲ.”

“ಹೆಸರಿಟ್ಟು ಕರೀದೆ ಇದ್ರೆ ಅದು ಎಲ್ಲಿಗೇ ಬರ್ಬೇಕು, ಪಾಪ? ಕರಿ.”

ನಾನು ಸುತ್ತ ನೋಡಿದೆ. ನೋಡಲು ಏನೂ ಇರಲಿಲ್ಲ, ಬಿಳುಪಷ್ಟೇ. ನನ್ನ ವಿದ್ಯಾರ್ಥಿಗಳು ಯಾರಾದರೂ ಕಂಡರೆ ಏನೆಂದುಕೊಂಡಾರು ಎಂಬ ಯೋಚನೆಯೂ ಬಂತೆಂದರೆ ನಗಬಾರದು. ಮೊದಲ ಸಲ ಗಾಳಿ ಮಾತ್ರ ಹೊರಟಿತು. ಎರಡನೆಯ ಸಲ ದನಿ ಬಂತು.

“ಗೌರೀ... ಗೌರೀ...”

ಮಂಜು ಅದನ್ನು ನುಂಗಿತು. ಕೆಳಗೆ ಹುಟ್ಟಿನ ಸದ್ದು ನಿಂತಿತು. ಆಮೇಲೆ ಆಳದಿಂದ, ಮೆಟ್ಟಿಲುಗಳ ಬುಡದಿಂದ, ಒಂದು ಹುಡುಗಿಯ ದನಿ ಸ್ಪಷ್ಟವಾಗಿ ಬಂತು.

“ಆಯೀ...”

ಕಾಶಿಯಲ್ಲಿ ಗೌರಿಯರಿಗೆ ಬರವಿಲ್ಲ. ದೋಣಿಯವರ ಮನೆಗೊಬ್ಬಳು ಇರುತ್ತಾಳೆ. ಹಿಂದಿಯಲ್ಲಿ ಆಯೀ ಎಂದರೆ ಬಂದೆ ಎಂದು, ಅದೂ ನನಗೆ ಗೊತ್ತು. ಆದರೆ ನಾನು ಹುಟ್ಟಿದ ಕಡೆ ಮಕ್ಕಳು ತಾಯಿಯನ್ನು ಕರೆಯುವುದು ಆಯೀ ಎಂದು.

ಪಕ್ಕದಲ್ಲಿದ್ದವರು ನನ್ನ ಕೈ ಹಿಡಿದುಕೊಂಡರು. ಆ ಕೈ ಬೆಚ್ಚಗಿತ್ತು. ನಾನು ಎದ್ದು ಹೋಗಿ ಕೆಳಗೆ ಬಗ್ಗಿ ನೋಡಲಿಲ್ಲ. ಕಲ್ಲಿನ ಮೆಟ್ಟಿಲ ಮೇಲೆ ಬರಿಗಾಲಿನ ಸಣ್ಣ ಸದ್ದು ಹತ್ತಿರವಾಗುತ್ತಿತ್ತು. ಕೂತಲ್ಲಿಂದಲೇ ಮಂಜಿನ ಕಡೆಗೆ ಮುಖ ಮಾಡಿ, “ಬಾ,” ಎಂದೆ.